ಹಳೇ ಸೀರೆ ತಾನೇ?

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರದ ಸಂತೆ ಇತ್ತು. ನಾನೂ ಒಂದು ಮೇಜು ಹಾಕಿಕೊಂಡು ಕೂತಿದ್ದೆ. ಹಳೇ ಬಟ್ಟೆಯಲ್ಲಿ ಹೊಲಿದ ಆರು ಚೀಲ, ಒಂದಿಷ್ಟು ದಿಂಬಿನ ಕವರ್, ಮತ್ತೆ ಒಂದೇ ಒಂದು ಕೌದಿ, ಅಂದರೆ ಹಳೇ ಬಟ್ಟೆ ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದ ಹೊದಿಕೆ. ಕೌದಿ ಮಾರೋದಕ್ಕೆ ಇಟ್ಟಿದ್ದೋ ಬರೀ ತೋರಿಸೋದಕ್ಕೋ ಅನ್ನೋದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬರು ಬಂದರು. ಮುಟ್ಟಿದರು, ಕೆನ್ನೆಗೆ ಒತ್ತಿಕೊಂಡರು, ಅಯ್ಯೋ ಎಷ್ಟು ಮೆತ್ತಗಿದೆ ಅಂದರು. ಬೆಲೆ ಕೇಳಿದರು. ಮೂರೂವರೆ ಸಾವಿರ ಅಂದೆ.

"ಹಳೇ ಸೀರೆ ತಾನೇ?"

ಅಷ್ಟಂದು ಒಂದು ಚೀಲ ತಗೊಂಡು ಹೋದರು. ಅವರ ಮೇಲೆ ಸಿಟ್ಟೇನಿಲ್ಲ. ಚಿಕ್ಕವಳಿದ್ದಾಗ ನಾನೂ ಇದೇ ಪ್ರಶ್ನೆ ಕೇಳಿದ್ದೆ, ಅದೂ ಕೌದಿ ಹೊಲಿಯುವವರ ಎದುರಿಗೇ. ಅವತ್ತು ಆಯಿ, ಅಂದರೆ ನಮ್ಮ ಅಜ್ಜಿ, ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ನಮ್ಮದು ಧಾರವಾಡದ ಕಡೆ. ಸುಗ್ಗಿ ಮುಗಿದು ಬಿಸಿಲು ಏರತೊಡಗಿದರೆ ಓಣಿಯಲ್ಲಿ ಕೂಗು ಕೇಳುತ್ತಿತ್ತು. "ಕೌದಿ ಹೊಲಸೂದೈತೇನ್ರೀ ಯವ್ವಾ..." ಇಬ್ಬರೋ ಮೂವರೋ ಹೆಂಗಸರು, ಹೆಗಲಿಗೆ ಒಂದು ಗಂಟು. ನಮ್ಮ ಓಣಿಗೆ ಬರುತ್ತಿದ್ದವರು ಗೋಂಧಳಿಯವರು. ಅವರ ಮನೆಯ ಗಂಡಸರು ಅಂಬಾಭವಾನಿಯ ಗೊಂದಲ ಹಾಕೋರು, ಅಂದರೆ ದೇವಿಯ ಹಾಡು-ಕತೆಯ ಪೂಜೆ ನಡೆಸೋರು, ಇವರು ಸೂಜಿ ಹಿಡಿದು ಊರೂರು ತಿರುಗೋರು. ಆಯಿ ಅವರನ್ನ ಪಡಸಾಲೆಗೆ ಕರೆದು ಕೂರಿಸಿ ಮೊದಲು ಚಹಾ ಕೊಡುತ್ತಿದ್ದಳು. ಕೂಲಿಯ ಮಾತು ಆಮೇಲೆ. ಸ್ವಲ್ಪ ರೊಕ್ಕ, ಸ್ವಲ್ಪ ಜೋಳ, ಎರಡು ಹೊತ್ತು ಊಟ. ಬಟ್ಟೆಯೂ ದಾರವೂ ನಮ್ಮದು.

ಈ ಚೌಕಾಸಿ ನಡೆಯುವಾಗ ನಡುವೆ ಬಾಯಿ ಹಾಕಿ "ಹಳೇ ಬಟ್ಟಿ ಅಲ್ಲೇನಾ, ಅದಕ್ಯಾಕ ಇಷ್ಟ ರೊಕ್ಕ" ಅಂದವಳು ನಾನು. ವಯಸ್ಸು ಹತ್ತಿರಬಹುದು.

ಆಯಿ ಸೀರೆ ಆರಿಸುವುದೇ ಒಂದು ದೊಡ್ಡ ಕೆಲಸ. ಟ್ರಂಕಿನಿಂದ ಒಂದೊಂದೇ ಹೊರಗೆ ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ಬೆರಳ ನಡುವೆ ತಿಕ್ಕಿ ನೋಡುತ್ತಿದ್ದಳು. ಕೆಲವನ್ನು ಪಕ್ಕಕ್ಕೆ ಹಾಕೋಳು. ಕೆಲವನ್ನು ಮಡಚಿ ಮತ್ತೆ ಟ್ರಂಕಿಗೆ ಇಟ್ಟು, "ಇದಿನ್ನಾ ಹಣ್ಣಾಗಿಲ್ಲ, ಎರಡ ವರ್ಷ ಉಡತೇನಿ" ಅನ್ನೋಳು. ಸೀರೆ ಹಣ್ಣಾಗೋದು! ಮಾವಿನಹಣ್ಣಿನ ಲೆಕ್ಕದಲ್ಲಿ ಮಾತಾಡ್ತಾಳಲ್ಲ ಅಂತ ನಮಗೆಲ್ಲ ನಗು.

ನಾನೇ ಸೂಜಿ ಹಿಡಿದ ಮೇಲೆ ನಗು ನಿಂತಿತು.

ನಾಲ್ಕು ವರ್ಷದ ಹಿಂದಿನ ಮಾತು. ಬೆಂಗಳೂರಿನ ಮನೆಯಲ್ಲಿ ಕಪಾಟು ತುಂಬಿ ಬಾಗಿಲು ಹಾಕೋದಕ್ಕೇ ಆಗುತ್ತಿರಲಿಲ್ಲ. ಹಳೇ ಬಟ್ಟೆಯಿಂದ ಏನಾದರೂ ಮಾಡೋಣ ಅಂತ ಶುರು ಮಾಡಿದೆ. ಇಂಟರ್‌ನೆಟ್ಟಿನಲ್ಲಿ ಇದಕ್ಕೆ ಅಪ್‌ಸೈಕ್ಲಿಂಗ್ ಅಂತಾರೆ. ನಮ್ಮ ಓಣಿಯಲ್ಲಿ ಯಾರೂ ಇದಕ್ಕೊಂದು ಹೆಸರು ಇಟ್ಟಿರಲಿಲ್ಲ. ಬಟ್ಟೆ ಹರಿದರೆ ಕೌದಿ, ಕೌದಿ ಹರಿದರೆ ಕಾಲೊರಸು, ಅದೂ ಹೋದರೆ ಒಲೆ ಮೇಲಿಂದ ಪಾತ್ರೆ ಇಳಿಸೋ ಮಸಿ ಅರಿವೆ. ಅಷ್ಟೇ.

ಮೊದಲ ಕೌದಿ ಪೂರ್ತಿ ಕೆಟ್ಟಿತು. ಹೇಗೆ ಕೆಟ್ಟಿತು ಅನ್ನೋದನ್ನ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಕಲಿತಿದ್ದೆಲ್ಲ ಅದರಿಂದಲೇ.

ಒಂದನೇ ತಪ್ಪು, ಒಳಪದರಕ್ಕೆ ಎರಡು ಪಾಲಿಯೆಸ್ಟರ್ ಸೀರೆ ಹಾಕಿದ್ದು. ಹೇಗೂ ಒಳಗಿರುತ್ತೆ, ಯಾರಿಗೆ ಕಾಣುತ್ತೆ ಅಂತ. ಹತ್ತಿ ಬಟ್ಟೆಗೆ ಹತ್ತಿ ಬಟ್ಟೆ ಹಚ್ಚಿದರೆ ಒಂದನ್ನೊಂದು ಹಿಡಿದುಕೊಂಡು ಕೂರುತ್ತೆ. ಪಾಲಿಯೆಸ್ಟರ್ ಹಾಗಲ್ಲ, ಜಾರುತ್ತಲೇ ಇರುತ್ತೆ. ಎಷ್ಟು ಕಚ್ಚಾ ಹೊಲಿಗೆ ಹಾಕಿದರೂ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವಷ್ಟರಲ್ಲಿ ನಾಲ್ಕು ಬೆರಳು ಸರಿದಿತ್ತು, ನಡುವೆ ಪೂರಿ ಉಬ್ಬಿದ ಹಾಗೆ ಉಬ್ಬಿಕೊಂಡಿತ್ತು. ಹೊದ್ದುಕೊಂಡು ಮಲಗಿದರೆ ಇನ್ನೊಂದು ಕಷ್ಟ. ಪಾಲಿಯೆಸ್ಟರ್ ಬೆವರು ಹೀರಲ್ಲ. ರಾತ್ರಿ ಹನ್ನೆರಡಕ್ಕೇ ಕಾಲಲ್ಲಿ ಒದ್ದು ಕೆಳಗೆ ಹಾಕಿದ್ದೆ.

ಎರಡನೇದು ಇನ್ನೂ ಘೋರ. ಮೇಲುಪದರಕ್ಕೆ ಚೆಂದ ಕಾಣಲಿ ಅಂತ ಗುಳೇದಗುಡ್ಡದ ಖಣದ ಒಂದು ಹೊಸ ಕೆಂಪು ತುಂಡು ಹಚ್ಚಿದ್ದೆ. ತೊಳೆದೇ ಇರಲಿಲ್ಲ. ಮೊದಲ ಸಲ ನೆನೆಹಾಕಿದಾಗ ಬಕೆಟ್ ನೀರು ಹೋಳಿ ಹುಣ್ಣಿಮೆ ನೀರಿನ ಹಾಗಾಯಿತು, ಪಕ್ಕದಲ್ಲಿದ್ದ ಅಪ್ಪನ ಬಿಳೀ ಧೋತರದ ಪಟ್ಟಿಗಳೆಲ್ಲ ಗುಲಾಬಿ. ಖಣದ ತಪ್ಪೇನಿಲ್ಲ, ಬುದ್ಧಿ ಇಲ್ಲದ್ದು ನನಗೆ. ಹಳೇ ಬಟ್ಟೆ ಬಿಡಬೇಕಾದ ಬಣ್ಣವನ್ನೆಲ್ಲ ಯಾವತ್ತೋ ಬಿಟ್ಟಿರುತ್ತೆ, ಕುಗ್ಗಬೇಕಾದಷ್ಟು ಕುಗ್ಗಿರುತ್ತೆ. ಹೊಸದು ಎರಡನ್ನೂ ನಿಮ್ಮ ಕೌದಿಯೊಳಗೆ ಕೂತು ಮಾಡುತ್ತೆ.

ಮೂರನೇದು ದಾರ. ಪದೇ ಪದೇ ಸೂಜಿಗೆ ಪೋಣಿಸೋ ಬೇಜಾರಿಗೆ ಎರಡು ಮಾರು ಉದ್ದ ತಗೊಂಡು ಹೊಲಿದೆ. ಹತ್ತು ಸಲ ಗಂಟು ಬಿತ್ತು, ಎಳೆದೆಳೆದು ದಾರವೇ ಸವೆದು ಹರಿಯಿತು. ಚಿಗವ್ವ ವಿಡಿಯೋ ಕಾಲಿನಲ್ಲಿ ನೋಡಿ ನಕ್ಕು ನಕ್ಕು ಸುಸ್ತಾದಳು. "ಒಂದ ಕೈ ಅಳತಿ ಸಾಕಬೇ, ಬಾವಿ ನೀರ ಸೇದತೀ ಏನ?" ಆಮೇಲೆ ಕ್ಯಾಮೆರಾ ಹತ್ತಿರ ಹಿಡಿಸಿ ಹೊಲಿಗೆ ನೋಡಿ ಸುಮ್ಮನಾದಳು. ಆ ಸುಮ್ಮನಾಗಿದ್ದೇ ಜಾಸ್ತಿ ನೋವಾಯಿತು.

ಎರಡನೇ ಕೌದಿಯ ಹೊತ್ತಿಗೆ ಹಣ್ಣಾಗೋದು ಅಂದರೆ ಏನು ಅಂತ ಬೆರಳಿಗೆ ತಿಳಿದಿತ್ತು. ಹೊಸ ಹತ್ತಿ ಸೀರೆಯಲ್ಲಿ ಗಂಜಿ ಇರುತ್ತೆ, ನೂಲು ಬಿಗಿಯಾಗಿರುತ್ತೆ. ವರ್ಷಗಟ್ಟಲೆ ಉಟ್ಟು, ಒಗೆದು, ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿದ ಮೇಲೆ ಗಂಜಿಯೆಲ್ಲ ಹೋಗಿ ಎಳೆಗಳು ಸಡಿಲಾಗುತ್ತವೆ. ಬಟ್ಟೆ ತೆಳ್ಳಗಾಗುತ್ತೆ. ಐದಾರು ಪದರ ಸೇರಿಸಿದರೂ ಸೂಜಿ ಸಲೀಸಾಗಿ ಇಳಿಯುತ್ತೆ. ಹೊಸ ಬಟ್ಟೆ ಐದು ಪದರ ಹಾಕಿ ಹೊಲಿದು ನೋಡಿ, ಸಂಜೆಗೆ ಹೆಬ್ಬೆರಳಲ್ಲಿ ತೂತು. ಆದರೆ ತೀರಾ ಬಿಟ್ಟರೂ ಕಷ್ಟ. ಬಟ್ಟೆ ಪಿಸಿದರೆ ಹೊಲಿಗೆ ನಿಲ್ಲಲ್ಲ, ದಾರ ಎಳೆದ ಕಡೆ ಬಟ್ಟೆಯೇ ಬಿಟ್ಟುಕೊಳ್ಳುತ್ತೆ. ಹಣ್ಣಾಗಿರಬೇಕು, ಕೊಳೆತಿರಬಾರದು. ಆಯಿಯ ಮಾತು ಅಕ್ಷರಶಃ ಸರಿ ಇತ್ತು.

ಒಂದೇ ಸೀರೆಯಲ್ಲೂ ಎಲ್ಲ ಕಡೆ ಒಂದೇ ಥರ ಸವೆದಿರಲ್ಲ. ಕೂತು ಕೂತು ಹಿಂಭಾಗ ಸವೆದಿರುತ್ತೆ, ಹಿಮ್ಮಡಿಗೆ ತಾಗಿ ಅಂಚು ಹೋಗಿರುತ್ತೆ, ಒಳಗೆ ಸಿಕ್ಕಿಸಿಕೊಳ್ಳೋ ತುದಿ ಮಾತ್ರ ಗಟ್ಟಿ ಇರುತ್ತೆ. ಆಯಿಯ ಇಳಕಲ್ ಸೀರೆಗಳದ್ದು ಇನ್ನೊಂದು ಕತೆ. ಮೈ ಹತ್ತಿ, ಸೆರಗು ರೇಷ್ಮೆ. ಅವೆರಡರ ನೂಲನ್ನ ಮಗ್ಗದ ಮೇಲೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಮೈಭಾಗ ಕೌದಿಯ ಹೊಟ್ಟೆಗೆ ಹೋಗುತ್ತಿತ್ತು, ಕೆಂಪು ಸೆರಗು ಮಾತ್ರ ಮೇಲೆ ಕಾಣುವಂತೆ ಅಂಚಿಗೆ. ಯಾವ ತುಂಡು ಒಳಗೆ, ಯಾವುದು ಹೊರಗೆ ಅನ್ನೋದನ್ನ ಆ ಹೆಂಗಸರು ಬಟ್ಟೆ ಹಾಸುತ್ತಾ ಹಾಸುತ್ತಾನೇ ತೀರ್ಮಾನ ಮಾಡಿಬಿಡುತ್ತಿದ್ದರು. ನಾನು ಅದಕ್ಕೆ ಒಂದು ಇಡೀ ಶನಿವಾರ ನೆಲದ ಮೇಲೆ ಒದ್ದಾಡಿದ್ದೇನೆ.

ಈಗ ಸ್ವಲ್ಪ ಲೆಕ್ಕ. ಬೇಜಾರಾದರೆ ಈ ಪ್ಯಾರಾ ದಾಟಿ ಹೋಗಿ. ಒಬ್ಬರು ಹೊದೆಯುವ ಕೌದಿ ಅಂದರೆ ನಾಲ್ಕಡಿ ಅಗಲ, ಏಳಡಿ ಉದ್ದ. ಐದೂವರೆ ಮೀಟರ್ ಸೀರೆ ಅಂದರೆ 18 ಅಡಿ. ಏಳಡಿಯಂತೆ ಕತ್ತರಿಸಿದರೆ ಎರಡು ಪದರ ಬಂದು ನಾಲ್ಕಡಿ ತುಂಡು ಉಳಿಯುತ್ತೆ. ಎರಡು ಸೀರೆಗೆ ನಾಲ್ಕು ಪದರ, ಉಳಿದ ತುಂಡುಗಳು ಮೇಲಿನ ಚಿತ್ತಾರಕ್ಕೆ. ಹೊಲಿಗೆಯ ಸಾಲುಗಳ ನಡುವೆ ಅರ್ಧ ಇಂಚು ಅಂತರ ಅಂದುಕೊಂಡರೆ 96 ಸಾಲು, ಒಂದೊಂದೂ ಏಳಡಿ, ಒಟ್ಟು 672 ಅಡಿ ಹೊಲಿಗೆ. ಇಂಚಿಗೆ ಮೂರು ಹೊಲಿಗೆ ಅಂದರೂ 24 ಸಾವಿರದ ಮೇಲೆ. ಮೇಲೆ ಕೆಳಗೆ ಓಡಾಡೋದಕ್ಕೆ, ಗಂಟಿಗೆ ಅಂತ ಸೇರಿಸಿದರೆ ಹತ್ತಿರ ಹತ್ತಿರ ಕಾಲು ಕಿಲೋಮೀಟರ್ ದಾರ. ನನಗೆ ಒಂದು ಅಡಿಗೆ ನಾಲ್ಕು ನಿಮಿಷ ಬೇಕು. ಅಂದರೆ 45 ಗಂಟೆ, ಬರೀ ಹೊಲಿಗೆಗೆ.

ಮೂರೂವರೆ ಸಾವಿರದಲ್ಲಿ ದಾರದ ಖರ್ಚು ಇನ್ನೂರು ಕಳೆಯಿರಿ. ಗಂಟೆಗೆ 73 ರೂಪಾಯಿ ಬಿತ್ತು. ಆರಿಸಿದ್ದು, ತೊಳೆದದ್ದು, ಕತ್ತರಿಸಿದ್ದು, ಹಾಸಿದ್ದು ಎಲ್ಲ ಪುಕ್ಕಟೆ.

ಆದರೆ ಗಂಟೆ ಲೆಕ್ಕಕ್ಕಿಂತ ನನ್ನನ್ನ ಕಾಡಿದ್ದು ಬೇರೆ. "ಹಳೇ ಸೀರೆ ತಾನೇ" ಅನ್ನೋ ಮಾತಲ್ಲಿ ಬಟ್ಟೆ ಪುಕ್ಕಟೆ ಸಿಕ್ಕಿದ್ದು ಅನ್ನೋ ಅರ್ಥ ಇದೆ ಅಲ್ವಾ? ಹದಿನೈದು ವರ್ಷ ಒಬ್ಬ ಹೆಂಗಸು ಅದನ್ನ ಉಟ್ಟಿದ್ದಾಳೆ. ನೂರಾರು ಸಲ ಒಗೆದಿದ್ದಾಳೆ. ಆ ಮೆತ್ತಗೆ, ಕೆನ್ನೆಗೆ ಒತ್ತಿ ನೋಡಿದಿರಲ್ಲ, ಅದು ನನ್ನ ಸೂಜಿಯಿಂದ ಬಂದಿದ್ದಲ್ಲ. ನಾನು ಹೊಲಿಯೋ ಹೊತ್ತಿಗೆ ಮುಕ್ಕಾಲು ಕೆಲಸ ಯಾರೋ ಮುಗಿಸಿಟ್ಟಿರುತ್ತಾರೆ. ದುಡ್ಡು ಕೊಟ್ಟು ಅದನ್ನ ಬೇಗ ಮಾಡಿಸೋದಕ್ಕೆ ಆಗಲ್ಲ. ಅಂಗಡಿಯವರು ಹೊಸ ಬಟ್ಟೆಯನ್ನ ಕಲ್ಲು ಹಾಕಿ ಒಗೆದು, ಬಣ್ಣ ಮಾಸುವ ಹಾಗೆ ಮಾಡಿ, ತೇಪೆ ತೇಪೆಯಾಗಿ ಕತ್ತರಿಸಿ ಹೊಲಿದು ವಿಂಟೇಜ್ ಅಂತ ಮಾರ್ತಾರೆ. ಕಣ್ಣಿಗೆ ಸರಿ. ಹೊದ್ದರೆ ಗೊತ್ತಾಗುತ್ತೆ.

ಹೋದ ವರ್ಷ ಯಲ್ಲಾಪುರದ ಹತ್ತಿರ ಸಿದ್ದಿಯರ ಒಂದು ಮನೆಗೆ ಗೆಳತಿಯ ಜೊತೆ ಹೋಗಿದ್ದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಇವರ ಹಳ್ಳಿಗಳು. ನೂರಾರು ವರ್ಷಗಳ ಹಿಂದೆ ಪೋರ್ಚುಗೀಸರು, ಅರಬರು ಆಫ್ರಿಕಾದಿಂದ ಹಿಡಿದು ತಂದವರ ಮೊಮ್ಮಕ್ಕಳ ಮೊಮ್ಮಕ್ಕಳು. ಇವರ ಕೌದಿಗೆ ಕವಂದಿ ಅಂತಾರೆ, ಅದನ್ನ ನೋಡಿದ ಮೇಲೆ ನನ್ನ ಸಾಲುಸಾಲು ಹೊಲಿಗೆ ಶಾಲೆಯ ಕಾಪಿ ಪುಸ್ತಕದ ಥರ ಅನಿಸಿತು. ಕೆಳಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತು ಬರುತ್ತಾ ಬರುತ್ತಾ ಒಳಕ್ಕೆ ಹೋಗೋದು. ತುಂಡುಗಳನ್ನ ಮೊದಲೇ ಜೋಡಿಸಿ ಇಟ್ಟುಕೊಂಡಿರಲ್ಲ. ಕೈಗೆ ಸಿಕ್ಕ ತುಂಡು ಇಟ್ಟು, ಬೆರಳಲ್ಲೇ ಅಂಚು ಒಳಕ್ಕೆ ಮಡಚಿ, ಹೊಲಿದುಕೊಂಡೇ ಮುಂದೆ. ಕೊನೆಗೆ ನಟ್ಟನಡುವೆ ಬಂದು ಮುಗಿಯುತ್ತೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ಹೂವು, ಅದಕ್ಕೆ ಫುಲಾ ಅಂತಾರೆ. ಫುಲಾ ಇಲ್ಲದಿದ್ದರೆ ಕವಂದಿ ಬರಿಮೈಯಲ್ಲಿ ಇದ್ದ ಹಾಗೆ ಅಂತ ಅವರ ಲೆಕ್ಕ.

ಇದೇ ಸಿದ್ದಿ ಹೆಂಗಸರ ಕವಂದಿಗಳನ್ನ 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಸೆಂಟರ್‌ನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಹೆನ್ರಿ ಡ್ರೂಯಲ್ ಅನ್ನೋ ಅಮೆರಿಕದ ಕಲಾ ಇತಿಹಾಸದ ಪ್ರೊಫೆಸರು ಇವರ ಜೊತೆ ಕೆಲಸ ಮಾಡಿದವರು. ನ್ಯೂಯಾರ್ಕಿನಲ್ಲಿ ಅದನ್ನ ನೋಡಿದವರು ಯಾರೂ "ಹಳೇ ಬಟ್ಟೆ ತಾನೇ" ಅಂದಿರಲಿಕ್ಕಿಲ್ಲ. ನಮ್ಮ ಸಂತೆಯಲ್ಲಿ ಅಂತಾರೆ. ಇರಲಿ.

ಆ ಮನೆಯಲ್ಲಿ ಒಂದು ವಿಷಯ ಗಮನಿಸಿದೆ. ಮೇಲಿನ ತುಂಡುಗಳಲ್ಲಿ ನೈಲಾನು, ಮಿಂಚುವ ಸಿಂಥೆಟಿಕ್ಕು, ಎಲ್ಲ ಇತ್ತು. ಅಡಿಯ ಸೀರೆ ಮಾತ್ರ ಹತ್ತಿಯದ್ದು. "ಮೈಗೆ ತಾಗೋದು ಅದೇ ಅಲ್ವಾ" ಅಂದರು ಅಲ್ಲಿಯ ಅಕ್ಕ. ನನ್ನ ಮೊದಲ ಕೌದಿ ಕೆಟ್ಟದ್ದಕ್ಕೆ ಉತ್ತರ ಅಷ್ಟು ಸುಲಭದ್ದಾಗಿತ್ತು.

ಆದರೆ ಅಡಿಗೆ ಹಾಕೋ ಆ ಹತ್ತಿ ಸೀರೆಯೇ ಈಗ ಸಿಗೋದು ಕಷ್ಟ. ನಾನು ಚೀಲ, ಕೌದಿ ಮಾಡ್ತೀನಿ ಅಂತ ಗೊತ್ತಾದ ಮೇಲೆ ಅಪಾರ್ಟ್‌ಮೆಂಟಿನವರು ಹಳೇ ಸೀರೆ ತಂದುಕೊಡೋದಕ್ಕೆ ಶುರು ಮಾಡಿದರು. ಮನೆ ಬಾಗಿಲಿಗೆ ಗಂಟು ಗಂಟು. ಬಿಚ್ಚಿದರೆ ಹತ್ತಕ್ಕೆ ಎಂಟು ಪಾಲಿಯೆಸ್ಟರ್, ಜಾರ್ಜೆಟ್, ಗೃಹಪ್ರವೇಶಕ್ಕೆ ಯಾರೋ ಕೊಟ್ಟು ಮಡಿಕೆಯೂ ಬಿಚ್ಚದ ಸೀರೆಗಳು. ಇಪ್ಪತ್ತು ವರ್ಷ ಉಟ್ಟರೂ ಇವು ಹಣ್ಣಾಗಲ್ಲ. ಕಾಯಾಗೇ ಇದ್ದು ಒಂದು ದಿನ ಸುಮ್ನೆ ಸಾಕಾಗಿ ಹೊರಗೆ ಬೀಳುತ್ತವೆ. ಜರಿ ಇರೋ ಹಳೇ ರೇಷ್ಮೆ ಸೀರೆ ಬರೋದೇ ಇಲ್ಲ ಬಿಡಿ, ಅದನ್ನ ಕೊಳ್ಳೋರು ಬೇರೆ ಇದ್ದಾರೆ, ಸುಟ್ಟು ಬೆಳ್ಳಿ ತೆಗೀತಾರೆ. ಒಳ್ಳೆ ಹತ್ತಿ ಬಟ್ಟೆ ಇದ್ದರೆ ಅದು ಆಗಲೇ ಸ್ಟೀಲ್ ಪಾತ್ರೆಯವಳ ಬುಟ್ಟಿಗೆ ಹೋಗಿ ಮನೆಗೊಂದು ಡಬ್ಬಿ ಬಂದಿರುತ್ತೆ.

ಹಾಗಂತ ಪಾಲಿಯೆಸ್ಟರಿಗೆ ಕೆಲಸವೇ ಇಲ್ಲ ಅಂತಲ್ಲ. ಹಳ್ಳಿಯಲ್ಲಿ ನೋಡಿ, ಹಂದಿ ದನ ಬರದ ಹಾಗೆ ಹೊಲದ ಸುತ್ತ ಹಳೇ ಸೀರೆ ಕಟ್ಟಿರುತ್ತಾರೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಮೈಲುಗಟ್ಟಲೆ ಬಣ್ಣದ ಬೇಲಿ. ಮಳೆಗೆ ಕೊಳೆಯಲ್ಲ, ಗಾಳಿಗೆ ಪಟಪಟ ಅನ್ನುತ್ತೆ, ಅದಕ್ಕೆ ಬೇಕಾಗಿದ್ದು ಅದೇ. ನಾನು ಅವನ್ನ ಎರಡಿಂಚು ಪಟ್ಟಿಯಾಗಿ ಸೀಳಿ, ಜಡೆ ಹೆಣೆದು, ಸುತ್ತಿ ಹೊಲಿದು ಕಾಲೊರಸು ಮಾಡ್ತೀನಿ. ನೀರು ಹೀರಲ್ಲ, ಆದ್ದರಿಂದ ಬಚ್ಚಲ ಮುಂದೆ ಪ್ರಯೋಜನವಿಲ್ಲ, ಮನೆ ಬಾಗಿಲಿಗೆ ಚೆನ್ನ. ಮಣ್ಣು ಉದುರಿಸಿದರೆ ಹೋಗುತ್ತೆ. ಸಂತೆ ಚೀಲಕ್ಕಂತೂ ಹೇಳಿ ಮಾಡಿಸಿದ ಬಟ್ಟೆ, ಐದು ಕಿಲೋ ಈರುಳ್ಳಿ ಹಾಕಿದರೂ ಹರಿಯಲ್ಲ. ಜಾರ್ಜೆಟ್ಟಿಗೆ ಮಾತ್ರ ನನಗೆ ಇನ್ನೂ ದಾರಿ ಸಿಕ್ಕಿಲ್ಲ. ಕತ್ತರಿ ತಾಗಿಸಿದ ಕೂಡಲೇ ಎಳೆ ಎಳೆ ಬಿಚ್ಚಿಕೊಳ್ಳುತ್ತೆ. ನಿಮಗೆ ಏನಾದರೂ ಉಪಾಯ ಗೊತ್ತಿದ್ದರೆ ತಿಳಿಸಿ.

ತೊಳೆಯೋದರ ಬಗ್ಗೆ ಕೇಳ್ತಾರೆ ಎಲ್ಲರೂ. ಊರಲ್ಲಿ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯೆಲ್ಲ ಹಳ್ಳಕ್ಕೆ ಹೋಗುತ್ತಿತ್ತು. ಎಂಟು ಪದರದ ಹಳೇ ಕೌದಿ ನೆಂದರೆ ಎಮ್ಮೆ ಕರುವಿನಷ್ಟು ಭಾರ. ಆ ಕಡೆ ಅವ್ವ, ಈ ಕಡೆ ಚಿಗವ್ವ ಹಿಡಿದು ಹಗ್ಗದ ಹಾಗೆ ಹಿಂಡೋರು, ಬಂಡೆಗಳ ಮೇಲೆ ಇಡೀ ಊರಿನ ಹಳೇ ಸೀರೆಗಳು ಒಣಗುತ್ತಾ ಬಿದ್ದಿರುತ್ತಿದ್ದವು. ಯಾರ ಮದುವೆ ಸೀರೆ ಯಾರ ಕೌದಿಯಲ್ಲಿದೆ ಅಂತ ಹೆಂಗಸರು ಗುರುತು ಹಿಡಿದು ಹರಟೆ ಹೊಡೆಯೋರು. ಇಲ್ಲಿ ನನಗಿರೋದು ಏಳು ಕಿಲೋ ಮಿಷನ್ನು ಮತ್ತು ಬಾಲ್ಕನಿ ಕಂಬಿಗೆ ಏನೂ ಒಣಹಾಕಬಾರದು ಅನ್ನೋ ನೋಟಿಸು. ಅದಕ್ಕೇ ನಾಲ್ಕು ಪದರಕ್ಕಿಂತ ಜಾಸ್ತಿ ಹಾಕಲ್ಲ. ಟಬ್ಬಿನಲ್ಲಿ ನೆನೆಹಾಕಿ ಕಾಲಲ್ಲಿ ತುಳಿದು, ಟೆರೇಸಿಗೆ ಕದ್ದು ಒಯ್ದು ಒಣಗಿಸ್ತೀನಿ.

ಆಯಿ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಪದರದೊಳಗೆ ಒಣ ರೊಟ್ಟಿಯ ಒಂದು ಚೂರು ಇಡೋಳು. ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಇರುವೆ ಬರಲ್ವಾ ಅಂತ ಕೇಳಿದ್ದಕ್ಕೆ "ಅವೂ ಉಣ್ಣಲಿ ತಗೋ" ಅಂದಿದ್ದಳು. ನಾನು ಮಾರೋ ಕೌದಿಗೆ ಇಡಲ್ಲ, ಯಾರಾದರೂ ಬಿಚ್ಚಿ ನೋಡಿ ಬೈದರೆ ಕಷ್ಟ. ನಮ್ಮ ಮನೆಯದಕ್ಕೆ ಇಟ್ಟಿದ್ದೇನೆ, ಜಿರಳೆ ಗಿರಳೆ ಇನ್ನೂ ಬಂದಿಲ್ಲ.

ಸಂತೆಯಲ್ಲಿ ಆ ಕೌದಿ ಹೋಗಲಿಲ್ಲ. ವಾಪಸ್ ತಂದು ಹಾಸಿಗೆಗೆ ಹಾಕಿದೆ, ಈಗ ಮಗ ಹೊದ್ದುಕೊಳ್ತಾನೆ. ಇನ್ನು ಕೊಡಲ್ಲ. ಮುಂದಿನದಕ್ಕೆ ಎರಡು ಹತ್ತಿ ಸೀರೆ ಬೇಕು, ಗಂಟುಗಳನ್ನೆಲ್ಲ ಜಾಲಾಡಿ ಸಿಕ್ಕಿದ್ದು ಒಂದು.

ಹೋದ ವಾರ ಊರಿಗೆ ಹೋದಾಗ ಅವ್ವ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಮಾಸಿದ ನೀಲಿ ಹತ್ತಿ ಸೀರೆ, ನಾನು ಕಾಲೇಜಿಗೆ ಹೋಗುವಾಗಿಂದ ನೋಡಿದ್ದೇನೆ. ಬೆಳಕು ಆಚೆಯಿಂದ ಬಿದ್ದು ಎಳೆಗಳೆಲ್ಲ ಕಾಣುತ್ತಿದ್ದವು. ಹತ್ತಿರ ಹೋಗಿ ಬೆರಳ ನಡುವೆ ಹಿಡಿದು ಸುಮ್ನೆ ತಿಕ್ಕಿ ನೋಡಿದೆ, ಅಷ್ಟೇ.

ಅವ್ವ ತಿರುಗಿ ನೋಡಲೂ ಇಲ್ಲ. "ಕೈ ತಗೀ. ಅದಿನ್ನಾ ಹಣ್ಣಾಗಿಲ್ಲ."